ಒಂದು ಹೆಸರಿಗೆ ಎಷ್ಟು ಖರ್ಚು? ಟೆಕ್ಸಸ್ ಯುದ್ಧ ಸ್ಮಾರಕಗಳ ಲೆಕ್ಕ

ಎತ್ತರ 567 ಅಡಿ. ಖರ್ಚು 15 ಲಕ್ಷ ಡಾಲರ್. ಕಟ್ಟಿದ ಅವಧಿ 1936ರಿಂದ 1939. ಇದು ಹ್ಯೂಸ್ಟನ್ ಹತ್ತಿರದ ಸ್ಯಾನ್ ಜಸಿಂಟೊ ಸ್ತಂಭದ ವಿವರ. 1836ರ ಏಪ್ರಿಲ್ 21ರಂದು ಅಲ್ಲಿನ ಬಯಲಿನಲ್ಲಿ ಟೆಕ್ಸಸ್ ಸ್ವಾತಂತ್ರ್ಯಕ್ಕಾಗಿ ಕಾಳಗ ನಡೆದದ್ದು ಸುಮಾರು 18 ನಿಮಿಷ. ಟೆಕ್ಸಸ್ ಪಕ್ಷದಲ್ಲಿ ಮಡಿದವರು 9 ಮಂದಿ, ಮೆಕ್ಸಿಕೋ ಪಕ್ಷದಲ್ಲಿ ಸುಮಾರು 630. ಒಂಬತ್ತು ಮಂದಿಗೆ ಹಂಚಿದರೆ ತಲಾ ಸುಮಾರು 1.67 ಲಕ್ಷ ಡಾಲರ್ ಆಗುತ್ತದೆ. ಆದರೆ ಅದು ಗೆಲುವಿಗಾಗಿ ಎದ್ದ ಸ್ತಂಭ. ಮಡಿದವರ ಲೆಕ್ಕ ಹಿಡಿಯಬೇಕಾದರೆ ಬೇರೆ ಕಡೆ ನೋಡಬೇಕು.

ಟೆಕ್ಸಸ್‌ನಲ್ಲಿ 254 ಕೌಂಟಿಗಳಿವೆ. ನಮ್ಮ ಜಿಲ್ಲೆಗಳಂತೆ ಅವಕ್ಕೂ ಒಂದೊಂದು ಕೇಂದ್ರ ಪಟ್ಟಣ, ಅಲ್ಲೊಂದು ಕೋರ್ಟು. ಎಷ್ಟೋ ಕೌಂಟಿಗಳಲ್ಲಿ ಯುದ್ಧ ಸ್ಮಾರಕ ಇರುವುದು ಆ ಕೋರ್ಟಿನ ಅಂಗಳದಲ್ಲೇ. ಟೆಕ್ಸಸ್ ಇತಿಹಾಸ ಸಂಘದ ಕೈಪಿಡಿ ಎರಡು ಮಹಾಯುದ್ಧಗಳಿಗೆ ಕೊಡುವ ಸಂಖ್ಯೆ ಮತ್ತು ರಾಜಧಾನಿ ಆಸ್ಟಿನ್‌ನ ಸ್ಮಾರಕ ವಿಯೆಟ್ನಾಂ ಯುದ್ಧಕ್ಕೆ ಕೊಡುವ ಸಂಖ್ಯೆಯನ್ನು ಕೌಂಟಿಗಳಿಗೆ ಹಂಚಿದರೆ ಸಿಗುವ ಚಿತ್ರ ಇದು:

ಮೊದಲ ಮಹಾಯುದ್ಧ: ಸತ್ತವರು 5,171, ಕೌಂಟಿಗೆ ಸರಾಸರಿ 20.
ಎರಡನೇ ಮಹಾಯುದ್ಧ: 22,022, ಸರಾಸರಿ 87.
ವಿಯೆಟ್ನಾಂ: 3,417, ಸರಾಸರಿ 13.

ಸರಾಸರಿಯನ್ನು ಪೂರ್ತಿ ನಂಬುವಂತಿಲ್ಲ. 2020ರ ಜನಗಣತಿಯಲ್ಲಿ ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯ ಜನಸಂಖ್ಯೆ 47 ಲಕ್ಷ, ಪಶ್ಚಿಮದ ಲವಿಂಗ್ ಕೌಂಟಿಯದು 64. ಆದರೂ ಒಂದು ಮಾತು ಸ್ಪಷ್ಟ: ಹಳ್ಳಿಗಾಡಿನ ಕೌಂಟಿಯ ಪಟ್ಟಿ ಒಂದು ಕಲ್ಲಿನ ಮೇಲೆ ಹಿಡಿಸುವಷ್ಟೇ ಇರುತ್ತದೆ. ಅಲ್ಲಿಯ ಜನಕ್ಕೆ ಪ್ರತಿ ಹೆಸರೂ ಯಾರದೋ ಮನೆಯ ಹೆಸರು.

ಆ ಹೆಸರುಗಳು ಸಿಕ್ಕಿದ್ದು ಹೇಗೆ? 1946ರಲ್ಲಿ ಅಮೆರಿಕದ ಯುದ್ಧ ಇಲಾಖೆ ಎರಡನೇ ಮಹಾಯುದ್ಧದ ವೇಳೆ ಭೂಸೇನೆಯಲ್ಲಿ ಸತ್ತವರ, ಕಾಣೆಯಾದವರ ಪಟ್ಟಿಯನ್ನು ರಾಜ್ಯವಾರು, ಕೌಂಟಿವಾರು ಅಚ್ಚು ಹಾಕಿಸಿತು. ಪ್ರತಿ ಸಾಲಿನಲ್ಲಿ ಹೆಸರು, ಸೇನಾ ಸಂಖ್ಯೆ, ದರ್ಜೆ, ಕೊನೆಗೊಂದು ಸಂಕೇತ. ಕಾಳಗದಲ್ಲಿ ಸತ್ತವರಿಗೆ ಒಂದು, ಗಾಯದಿಂದ ಸತ್ತವರಿಗೆ ಇನ್ನೊಂದು, ಕಾಯಿಲೆ ಅಥವಾ ಅಪಘಾತದಿಂದ ಸತ್ತವರಿಗೆ ಮತ್ತೊಂದು. ನನ್ನ ಪ್ರಕಾರ ಯಾವ ಅಮೃತಶಿಲೆಗಿಂತಲೂ ದೊಡ್ಡ ಸ್ಮಾರಕ ಆ ಪುಸ್ತಿಕೆ. ದೂರದ ಕೌಂಟಿಯೂ ತನ್ನ ಪುಟ ತೆರೆದು ತನ್ನವರನ್ನು ಎಣಿಸಬಹುದಾಗಿತ್ತು.

ಪಟ್ಟಿ ಸರಿಯಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಆಸ್ಟಿನ್ ಸಾಕ್ಷಿ. ಅಲ್ಲಿನ ಟೆಕ್ಸಸ್ ವಿಶ್ವವಿದ್ಯಾಲಯದ ಮೆಮೊರಿಯಲ್ ಸ್ಟೇಡಿಯಂ 2.75 ಲಕ್ಷ ಡಾಲರ್ ಖರ್ಚಿನಲ್ಲಿ 1924ರಲ್ಲಿ ಎದ್ದಿತು. ಅದನ್ನು ಮೊದಲ ಮಹಾಯುದ್ಧಕ್ಕೆ ಹೋದ 1,98,520 ಟೆಕ್ಸಸ್ ಜನರಿಗೆ, ಅವರಲ್ಲಿ ಸತ್ತ 5,280 ಮಂದಿಗೆ ಅರ್ಪಿಸಿದರು. ತಲಾ 52 ಡಾಲರ್! ಆದರೆ ಇತಿಹಾಸ ಸಂಘದ ಲೆಕ್ಕ 5,171. ವ್ಯತ್ಯಾಸ 109. ಅದೇ ಸಂಘದ ಪ್ರಕಾರ ಆ ಸಾವುಗಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಅಮೆರಿಕದ ನೆಲದಲ್ಲೇ ಆದವು, ಎಷ್ಟೋ ಮಂದಿ 1918ರ ಇನ್‌ಫ್ಲುಯೆಂಜಾಕ್ಕೆ ಬಲಿಯಾದರು. ತರಬೇತಿ ಶಿಬಿರದಲ್ಲಿ ಜ್ವರದಿಂದ ಸತ್ತ ಹುಡುಗನನ್ನು ಹುತಾತ್ಮರ ಸಾಲಿನಿಂದ ಬಿಡಲು ಯಾರಿಗೆ ಅಧಿಕಾರವಿದೆ? ಅವನನ್ನೂ ಸೇರಿಸಲೇಬೇಕು.

ಹಣ ಕೂಡುವುದು ಕಷ್ಟವಲ್ಲ. 1942ರ ಮಾರ್ಚ್ 1ರಂದು ಸುಂಡಾ ಜಲಸಂಧಿಯಲ್ಲಿ ಹ್ಯೂಸ್ಟನ್ ಹೆಸರಿನ ಯುದ್ಧನೌಕೆ ಮುಳುಗಿತು. ಹಡಗಿನಲ್ಲಿದ್ದ ಸಾವಿರಕ್ಕೂ ಹೆಚ್ಚು ಜನರಲ್ಲಿ ಉಳಿದವರು 368, ಅವರೂ ಜಪಾನೀಯರ ಸೆರೆಯಾಳುಗಳಾದರು. ಮೇ 30ರಂದು ಅದೇ ಊರಿನ 1,000 ಯುವಕರು ಒಟ್ಟಿಗೆ ನೌಕಾಪಡೆಗೆ ಸೇರುವ ಪ್ರಮಾಣ ಮಾಡಿದರು. ನಾಗರಿಕರು ಕೊಂಡ ಯುದ್ಧ ಬಾಂಡ್‌ಗಳ ಮೊತ್ತ 8.5 ಕೋಟಿ ಡಾಲರ್. ಅದರಲ್ಲಿ ಹೊಸ ಹ್ಯೂಸ್ಟನ್ ನೌಕೆಯ ಖರ್ಚು ಕಳೆದು, ಸ್ಯಾನ್ ಜಸಿಂಟೊ ಎಂಬ ವಿಮಾನವಾಹಕ ನೌಕೆಗೂ ಹಣ ಉಳಿಯಿತು. ಮುಳುಗಿದ ಹಡಗಿನ ಗಂಟೆ ಈಗ ಸ್ಯಾಮ್ ಹ್ಯೂಸ್ಟನ್ ಉದ್ಯಾನದ ಸ್ಮಾರಕದಲ್ಲಿದೆ.

ಕಷ್ಟ ಶುರುವಾಗುವುದು ನಿರ್ವಹಣೆಯಲ್ಲಿ. 1948ರಲ್ಲಿ ಸ್ಮಾರಕವಾದ ಟೆಕ್ಸಸ್ ಯುದ್ಧನೌಕೆಯನ್ನು ಬಾಲ್ಟಿಮೋರ್‌ನಿಂದ ಎಳೆದು ತರಲು ಬೇಕಾಗಿದ್ದು 2.25 ಲಕ್ಷ ಡಾಲರ್. 2019ರಲ್ಲಿ ಅದರ ದುರಸ್ತಿಗೆ ರಾಜ್ಯ ಕೊಟ್ಟದ್ದು 3.5 ಕೋಟಿ. ಹಣದುಬ್ಬರ ಕಳೆದರೂ ಹತ್ತು ಪಟ್ಟಿಗಿಂತ ಹೆಚ್ಚು. ಎರಡು ಮಹಾಯುದ್ಧ ಕಂಡ ಆ ಹಡಗಿನಲ್ಲಿ ಶತ್ರುಗಳ ದಾಳಿಗೆ ಸತ್ತವನು ಒಬ್ಬನೇ. ಉಪ್ಪುನೀರಿನಲ್ಲಿ ಉಕ್ಕು ನಿಂತರೆ ತುಕ್ಕು ತಪ್ಪದು. ಕಟ್ಟುವ ದಿನವೇ ಮುಂದಿನ ಖರ್ಚಿಗೆ ಠೇವಣಿ ಇಡಬೇಕು.

ಇನ್ನು ಕಾಲದ ಲೆಕ್ಕ. ಅಮೆರಿಕದ ಕೊನೆಯ ಕಾದಾಟದ ಪಡೆ ವಿಯೆಟ್ನಾಂ ಬಿಟ್ಟಿದ್ದು 1973ರ ಮಾರ್ಚ್ 29ರಂದು. ಡಲ್ಲಾಸ್‌ನ ಫೇರ್ ಪಾರ್ಕ್‌ನಲ್ಲಿ ಗ್ರಾನೈಟ್ ಫಲಕಗಳ ಸ್ಮಾರಕವನ್ನು ಅಧ್ಯಕ್ಷ ಜಾರ್ಜ್ ಬುಷ್ ಅರ್ಪಿಸಿದ್ದು 1989ರ ನವೆಂಬರ್‌ನಲ್ಲಿ, 16 ವರ್ಷದ ಮೇಲೆ. ಆಸ್ಟಿನ್‌ನ ವಿಧಾನಸೌಧದ ಅಂಗಳದಲ್ಲಿ ಕಂಚಿನ ಸ್ಮಾರಕ ಬರಲು ಸರಿಯಾಗಿ 41 ವರ್ಷ ಹಿಡಿಯಿತು: 2014ರ ಮಾರ್ಚ್ 29. ಅದರ ಒಡಲಲ್ಲಿ 3,417 ಲೋಹದ ಬಿಲ್ಲೆಗಳಿವೆ. ಒಂದೊಂದರ ಮೇಲೂ ಒಬ್ಬ ಸೈನಿಕನ ಹೆಸರು, ದರ್ಜೆ, ಊರು, ಸತ್ತ ದಿನ ಒತ್ತಿದ್ದಾರೆ. ಅಷ್ಟು ಹೊತ್ತಿಗೆ ಎಷ್ಟೋ ತಾಯಂದಿರು ಇರಲಿಲ್ಲ.

ವೀರಗಲ್ಲು ಕಂಡ ನಾಡಿಗೆ ಇದು ಹೊಸ ಪಾಠವಲ್ಲ. ತುರುಗೋಳಿನಲ್ಲಿ ಮಡಿದವನ ಕಲ್ಲು ಅವನ ಊರಲ್ಲೇ ನಿಲ್ಲುತ್ತಿತ್ತು. ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ 75 ಅಡಿಯ ವೀರಗಲ್ಲಿದೆ, 21 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಅದರ ಜೊತೆಗೆ ತಾಲ್ಲೂಕುವಾರು ಪಟ್ಟಿಯೂ ಬೇಕು. 1914ರಿಂದ ಈವರೆಗೆ ಸೇನೆಯಲ್ಲಿದ್ದು ಸತ್ತ ಪ್ರತಿಯೊಬ್ಬರ ಹೆಸರು, ಊರು, ದಿನಾಂಕ, ಸತ್ತ ಕಾರಣ ಸೇರಿಸಿ ತಾಲ್ಲೂಕು ಕಚೇರಿಯಲ್ಲೂ ಗ್ರಂಥಾಲಯದಲ್ಲೂ ಇಡಬೇಕು. ಕಾಗದ, ಮುದ್ರಣ ಮತ್ತು ಹಳೆಯ ದಾಖಲೆ ಹುಡುಕುವ ನಾಲ್ಕು ಜನರ ಸಂಬಳ, ಖರ್ಚು ಇಷ್ಟೇ. ಕಲ್ಲು ಆಮೇಲೆ ನಿಲ್ಲಿಸೋಣ. ಗೊತ್ತಿರುವವರು ಬದುಕಿರುವಾಗಲೇ ಹೆಸರು ಬರೆದಿಡೋಣ.