ನಿಮಗಿದು ಗೊತ್ತೆ? ರಷ್ಯಾದ ಅಳಿಯ, ಕನಕಪುರ ರಸ್ತೆಯ ತೋಟ

ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 1904ರಲ್ಲಿ ಹುಟ್ಟಿದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಬಾಳ್ವೆ ಮಾಡಿದ್ದು ನಮ್ಮ ಕರ್ನಾಟಕದ ಹಳ್ಳಿಯ ಮಗ್ಗುಲಲ್ಲಿ. ಹೆಂಡತಿ ದೇವಿಕಾರಾಣಿ, ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದವರಲ್ಲಿ ಮೊದಲಿಗರು. 1945ರಲ್ಲಿ ಮದುವೆಯಾಗಿ, ಕೆಲಕಾಲ ಕುಲುವಿನಲ್ಲಿದ್ದು, ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿಗೆ ಬಂದರು. ಸಿನಿಮಾ ತಾರೆ ಕ್ಯಾಮೆರಾ ಬಿಟ್ಟು ತೋಟಕ್ಕೆ ಬಂದದ್ದೇ ಸೋಜಿಗ!

ತೋಟ 468 ಎಕರೆ. ಕಬ್ಬಿನ ಹೊಲ ಅಳೆಯುವವರಿಗೆ ಅದೆಷ್ಟೆಂದು ಹೇಳಬೇಕಿಲ್ಲ. ಬೆಳೆದದ್ದು ಮಾತ್ರ ಕಬ್ಬಲ್ಲ, ಮೆಕ್ಸಿಕೊ ಮೂಲದ ಲಿನಾಲೂ ಮರ. ಅದರ ಕಾಯಿಯ ಸಿಪ್ಪೆಗೆ ಹಬೆ ಹಾಯಿಸಿ, ಭಟ್ಟಿ ಇಳಿಸಿ ತೆಗೆದ ಸುಗಂಧ ತೈಲ ಅತ್ತರು, ಸಾಬೂನಿಗೆ ಹೋಗುತ್ತದೆ. ಇತ್ತ ತೋಟ, ಅತ್ತ ಕುಂಚ. ಹಳೆಯ ಸಂಸತ್ ಭವನದ ಸೆಂಟ್ರಲ್ ಹಾಲ್‌ನಲ್ಲಿರುವ ನೆಹರೂ ಭಾವಚಿತ್ರ ರೋರಿಕ್ ಅವರದೇ.

1993ರಲ್ಲಿ ರೋರಿಕ್, 1994ರಲ್ಲಿ ದೇವಿಕಾರಾಣಿ ತೀರಿಕೊಂಡರು. ಮಕ್ಕಳಿಲ್ಲದವರ ಆಸ್ತಿ, ತಕರಾರು ಬೆಳೆಯದಿದ್ದೀತೆ? ರಾಜ್ಯ ಸರ್ಕಾರ 1996ರ ಕಾಯ್ದೆಯಿಂದ ತೋಟ ವಶಪಡಿಸಿಕೊಂಡಿತು. ಸುಪ್ರೀಂ ಕೋರ್ಟ್ 2011ರಲ್ಲಿ ಅದನ್ನು ಎತ್ತಿಹಿಡಿಯಿತು. ಇಬ್ಬರ ಸಮಾಧಿ ತೋಟದಲ್ಲೇ ಇದೆ. ರೋರಿಕ್ ಚಿತ್ರಗಳನ್ನು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ನೋಡಬಹುದು.