ಕೊಡುವ ಅಮ್ಮ, ಕೊಡದ ಸ್ವಾಮಿ

ಶುಕ್ರವಾರ ಬೆಳಿಗ್ಗೆ ರಿಪ್ಪನ್‌ಪೇಟೆಯಲ್ಲಿ ಬಸ್ಸು ಹತ್ತಿ ಹುಂಚಕ್ಕೆ ಟಿಕೆಟ್ ಕೇಳಿದರೆ ಕಂಡಕ್ಟರ್ "ಅಮ್ಮನ ದೇವಸ್ಥಾನಕ್ಕಾ?" ಎನ್ನುತ್ತಾನೆ. ಬಸದಿ ಎನ್ನುವುದಿಲ್ಲ, ಜೈನರ ಮಠ ಎನ್ನುವುದಿಲ್ಲ. ಮಡಿಲಲ್ಲಿ ಸೇವಂತಿಗೆ ಪೊಟ್ಟಣ, ಕಾಲ ಬುಡದಲ್ಲಿ ಹಣ್ಣುಕಾಯಿ ಚೀಲ ಇಟ್ಟುಕೊಂಡು ಕುಳಿತವರ ಮಾತು ಕೇಳುತ್ತಾ ಹೋದರೆ ಇವರು ದೀವರು, ಇವರು ಒಕ್ಕಲಿಗರು, ಅವರು ಲಿಂಗಾಯತರು ಎಂದು ತಿಳಿಯುತ್ತದೆ. ಜೈನರು ಇರಬಹುದು, ಇಲ್ಲದಿರಲೂಬಹುದು. ದಿಗಂಬರ ಜೈನರ ಹಳೆಯ ಪೀಠವೊಂದಕ್ಕೆ ಹೋಗುವ ಬಸ್ಸು ಇದು.

ಹುಂಚ, ಅಂದರೆ ಹೊಂಬುಜ, ಹೊಸನಗರ ತಾಲ್ಲೂಕಿಗೆ ಸೇರಿದ ಊರು. ಸಾಗರದವರು ಆನಂದಪುರ, ರಿಪ್ಪನ್‌ಪೇಟೆ ಹಾದು ಬರುತ್ತಾರೆ. ತೀರ್ಥಹಳ್ಳಿಯವರು ಕೋಣಂದೂರಿನ ಕಡೆಯಿಂದ. ಈ ಮೂರು ತಾಲ್ಲೂಕುಗಳ ವಿಚಿತ್ರವೇ ನನ್ನನ್ನು ಇಲ್ಲಿಗೆ ಎಳೆದದ್ದು. ಗೇಣಿದಾರರ 1951ರ ಕಾಗೋಡು ಸತ್ಯಾಗ್ರಹ ನಡೆದದ್ದು ಸಾಗರ ತಾಲ್ಲೂಕಿನಲ್ಲಿ, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದೂ ಅಲ್ಲಿಯೇ. ಮರುವರ್ಷ ಸಾಗರ–ಹೊಸನಗರದ ಜನ ಸಮಾಜವಾದಿ ಶಾಂತವೇರಿ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿದರು. ಪುರೋಹಿತರಿಲ್ಲದ ಮದುವೆಗೆ ಮಂತ್ರಮಾಂಗಲ್ಯ ಬರೆದುಕೊಟ್ಟ ಕುವೆಂಪು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯವರು. ಇಷ್ಟೆಲ್ಲ ಆದ ನೆಲದಲ್ಲೇ ರಾಮಚಂದ್ರಾಪುರ ಮಠ, ಭೀಮನಕಟ್ಟೆ ಮಠ, ವರದಹಳ್ಳಿಯ ಶ್ರೀಧರಾಶ್ರಮ, ಹೊಂಬುಜದ ಜೈನ ಮಠ ಒಂದಕ್ಕೊಂದು ಕೂಗಳತೆಯಲ್ಲಿ ಎನ್ನುವ ಹಾಗೆ ನಿಂತಿವೆ. ಸಂಜೆ ಸಮಾಜವಾದದ ಭಾಷಣ ಕೇಳಿ ಬೆಳಿಗ್ಗೆ ಸ್ವಾಮಿಗಳ ಪಾದಪೂಜೆಗೆ ಹೋಗುವುದು ಇಲ್ಲಿ ಯಾರಿಗೂ ಇರುಸುಮುರುಸಿನ ಸಂಗತಿಯಲ್ಲ. ಹಾಗಾದರೆ ಜೈನರದಂಥ ಇಷ್ಟು ಕಟ್ಟುನಿಟ್ಟಿನ ಒಂದು ಪರಂಪರೆ ಇಷ್ಟು ಸಡಿಲವಾದ ಲೋಕದ ನಡುವೆ ಬಾಳುವುದು ಹೇಗೆ?

ಬಸ್ಸಿಳಿದವರ ಹಿಂದೆ ಹೋದರೆ ಸಾಕು, ದಾರಿ ಕೇಳಬೇಕಿಲ್ಲ. ಹೂವಿನಂಗಡಿ, ಬಳೆಯಂಗಡಿ, ಕುಂಕುಮದ ಗುಡ್ಡೆ, ಅದರ ಪಕ್ಕ ಕ್ಯೂಆರ್ ಕೋಡಿನ ರಟ್ಟು. ಚಪ್ಪಲಿ ಬಿಟ್ಟು ಒಳಗೆ ಹೋದರೆ ಎರಡು ಗುಡಿ ಅಕ್ಕಪಕ್ಕದಲ್ಲಿವೆ. ಒಂದು ಪದ್ಮಾವತಿಯದು, ಇನ್ನೊಂದು ಪಾರ್ಶ್ವನಾಥ ಸ್ವಾಮಿಯದು. ಸಾಲು ಇರುವುದು ಮೊದಲನೆಯದರ ಮುಂದೆ.

ಅಮ್ಮನಿಗೆ ರೇಷ್ಮೆ ಸೀರೆ, ಕೊರಳು ಮುಚ್ಚುವಷ್ಟು ಹೂವು. ಹೆಂಗಸರು ಸೀರೆ, ಬಳೆ, ಮಡಿಲಕ್ಕಿ ತಂದಿರುತ್ತಾರೆ. ಪೂಜೆ ಮಾಡುವವರನ್ನು ಇಲ್ಲಿ ಇಂದ್ರರು ಎನ್ನುತ್ತಾರೆ. ಅವರು ಹೆಸರು ಕೇಳಿ, ಸಂಕಲ್ಪ ಹೇಳಿ, ಪಕ್ಕಕ್ಕೆ ಸರಿಯುತ್ತಾರೆ. ಆಮೇಲೆ ಎಲ್ಲರ ಕಣ್ಣೂ ಮೂರ್ತಿಯ ಮೇಲಿನ ಹೂವಿನ ಮೇಲೆ. ಮನಸ್ಸಿನಲ್ಲಿ ಕೇಳಿಕೊಂಡದ್ದು ಆಗುವುದಾದರೆ ಬಲಗಡೆಯಿಂದ ಹೂವು ಬೀಳುತ್ತದೆ ಎಂಬುದು ನಂಬಿಕೆ. ನನ್ನ ಮುಂದಿದ್ದ ಅಜ್ಜಿ ಮೊಮ್ಮಗನನ್ನು ಮುಂದೆ ದೂಡಿ, "ಕೈ ಮುಗಿಯೋ, ತೋಟದ ವಿಚಾರ ಕೇಳ್ಕಾ" ಎಂದರು. ಅವರ ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ. ಔಷಧಿ ಹೊಡೆದು ಸಾಕಾಗಿದೆಯಂತೆ. ಹೂವು ಬೀಳಲಿಲ್ಲ. ಅಜ್ಜಿ ಬೇಸರಪಟ್ಟ ಹಾಗೆ ಕಾಣಲಿಲ್ಲ. "ಅಮ್ಮ ಯೋಚ್ನೆ ಮಾಡ್ತಿದಾಳೆ. ಒಂದು ಮಳೆಗಾಲ ಕಳೀಲಿ" ಎಂದು ಇಂದ್ರರಿಗೇ ಸಮಾಧಾನ ಹೇಳಿ ಹೊರಟರು.

ಪಕ್ಕದ ಪಾರ್ಶ್ವನಾಥ ಬಸದಿಯಲ್ಲಿ ಮಾತು ತಾನಾಗಿ ತಗ್ಗುತ್ತದೆ. ಜಿನ ಯಾರಿಗೂ ಏನನ್ನೂ ಕೊಡುವುದಿಲ್ಲ. ಜೈನ ಸಿದ್ಧಾಂತದ ಗಟ್ಟಿ ಮಾತು ಅದು: ತೀರ್ಥಂಕರ ರಾಗದ್ವೇಷ ಗೆದ್ದವನು, ನಿಮ್ಮ ತೋಟದ ರೋಗ ಅವನಿಗೆ ತಾಗುವುದಿಲ್ಲ, ನಿಮ್ಮ ಹರಕೆಯೂ ತಾಗುವುದಿಲ್ಲ. ನೋಡಿ ನೀವೂ ಹಾಗಾಗಬೇಕು, ಅಷ್ಟೆ. ಅಡಿಕೆ ಬೆಳೆಗಾರನಿಗೆ ಈ ದೇವರಿಂದ ಯಾವ ಉಪಕಾರ? ಆ ಪ್ರಶ್ನೆಗೆ ಉತ್ತರವೆಂಬಂತೆ ಇಲ್ಲೊಂದು ಶಿಲ್ಪವಿದೆ. ಹೆಚ್ಚಿನವರು ಅದನ್ನು ನೋಡದೆ ಪ್ರದಕ್ಷಿಣೆ ಮುಗಿಸುತ್ತಾರೆ. ತಪಸ್ಸಿಗೆ ನಿಂತ ಪಾರ್ಶ್ವನಾಥನ ಮೇಲೆ ಜನ್ಮಾಂತರದ ವೈರಿ ಕಮಠ ದಾಳಿ ಮಾಡುತ್ತಿದ್ದಾನೆ. ಸುತ್ತಲೂ ಎರಗಿ ಬರುವ ಆಕೃತಿಗಳು. ನಡುವೆ ನಿಂತವನ ಮುಖದಲ್ಲಿ ಒಂದು ಗೆರೆಯೂ ಕದಲಿಲ್ಲ. ತಲೆಯ ಮೇಲೆ ನಾಗರಾಜ ಧರಣೇಂದ್ರ ಹೆಡೆ ಬಿಚ್ಚಿದ್ದಾನೆ. ಬದಿಯಲ್ಲಿ ಒಬ್ಬ ಹೆಣ್ಣು ಛತ್ರಿ ಹಿಡಿದಿದ್ದಾಳೆ. ಅವಳೇ ಪದ್ಮಾವತಿ! ಆಚೆಯ ಗುಡಿಯಲ್ಲಿ ಮೂರು ತಾಲ್ಲೂಕಿನ ಅಹವಾಲು ಕೇಳುತ್ತಾ ಕುಳಿತವಳು ಈ ಕಲ್ಲಿನಲ್ಲಿ ಯಜಮಾನನ ಪಕ್ಕ ಛತ್ರಿ ಹಿಡಿದ ಯಕ್ಷಿ. ಶಾಸ್ತ್ರದ ಲೆಕ್ಕದಲ್ಲಿ ಅವಳ ಸ್ಥಾನ ಇಷ್ಟೇ. ಜನ ಅವಳನ್ನು ಒಡತಿ ಮಾಡಿದರು, ಮಠ ಬೇಡವೆನ್ನಲಿಲ್ಲ, ಸಿದ್ಧಾಂತವನ್ನು ತಿದ್ದಲೂ ಇಲ್ಲ. ಎರಡು ಬಾಗಿಲು ಇಟ್ಟು ಸುಮ್ಮನಾಯಿತು. ಹೊಂಬುಜದ ಜಾಣತನವೆಲ್ಲ ಈ ಎರಡು ಬಾಗಿಲಲ್ಲಿದೆ ಎಂದು ನನಗೆ ಅನಿಸಿತು.

ಗುಡಿಯ ಹಿಂದೆ ಲಕ್ಕಿ ಮರ. ನಮ್ಮ ಕಡೆ ಬೇಲಿಯಲ್ಲಿ ಪೊದೆಯಾಗಿ ಬೆಳೆಯುವ, ಸ್ನಾನದ ನೀರಿಗೆ ಸೊಪ್ಪು ಹಾಕುವ ಅದೇ ಲಕ್ಕಿ. ಇಲ್ಲಿ ಮರವಾಗಿ ಪೂಜೆಗೊಳ್ಳುತ್ತಿದೆ. ಕಥೆ ಎಲ್ಲರಿಗೂ ಬಾಯಿಪಾಠ. ಉತ್ತರದ ಮಧುರೆಯ ರಾಜಕುಮಾರ ಜಿನದತ್ತರಾಯ, ದಾರಿ ತಪ್ಪಿದ ತಂದೆಯಿಂದ ಜೀವ ಉಳಿಸಿಕೊಳ್ಳಲು ಪದ್ಮಾವತಿಯ ವಿಗ್ರಹವನ್ನು ಬೆನ್ನಿಗೆ ಕಟ್ಟಿಕೊಂಡು ಕುದುರೆ ಏರಿ ದಕ್ಷಿಣಕ್ಕೆ ಓಡಿಬಂದ. ಈ ಲಕ್ಕಿಯ ನೆರಳಲ್ಲಿ ಮಲಗಿದ. ದೇವಿ ಕನಸಿನಲ್ಲಿ ಬಂದು ಇಲ್ಲೇ ರಾಜಧಾನಿ ಕಟ್ಟು ಎಂದಳು. ವಿಗ್ರಹಕ್ಕೆ ತಾಗಿಸಿದ ಕಬ್ಬಿಣ ಹೊನ್ನಾಯಿತು. ಕಥೆ ಹೇಗೇ ಇರಲಿ, ಅವನ ವಂಶದವರೆನ್ನುವ ಸಾಂತರ ಅರಸರು ಸಾಂತಳಿಗೆ ಸಾವಿರ ನಾಡನ್ನು ಇಲ್ಲಿಂದ ಆಳಿದ್ದು ಶಾಸನದಲ್ಲಿದೆ. ಪೊಂಬುರ್ಚ ಎಂಬ ಊರಿನ ಹಳೆಯ ಹೆಸರೂ ಅಲ್ಲಿದೆ. ಲಕ್ಕಿ ಬಾಡುವುದಿಲ್ಲ, ಮುತ್ತಿನಕೆರೆ ಬತ್ತುವುದಿಲ್ಲ, ಕುಮುದ್ವತಿ ತೀರ್ಥ ನಿಲ್ಲುವುದಿಲ್ಲ, ಅಮ್ಮ ಇಲ್ಲಿರುವುದಕ್ಕೆ ಇವೇ ಸಾಕ್ಷಿ ಎನ್ನುತ್ತಾರೆ. ಶಿಕಾರಿಪುರದ ಕಡೆ ಹರಿದು ತುಂಗಭದ್ರೆ ಸೇರುವ ಕುಮುದ್ವತಿ ಹುಟ್ಟುವುದು ಇಲ್ಲೇ ಹತ್ತಿರದ ಬಿಲ್ಲೇಶ್ವರದಲ್ಲಿ.

ಮಠ ಪಕ್ಕದಲ್ಲೇ. ಪೀಠದಲ್ಲಿ ಯಾರೇ ಕುಳಿತರೂ ಹೆಸರು ದೇವೇಂದ್ರಕೀರ್ತಿ ಭಟ್ಟಾರಕ. ಶ್ರವಣಬೆಳಗೊಳ, ಮೂಡುಬಿದಿರೆಗಳಲ್ಲಿ ಚಾರುಕೀರ್ತಿ, ಕಾರ್ಕಳದಲ್ಲಿ ಲಲಿತಕೀರ್ತಿ, ನರಸಿಂಹರಾಜಪುರದಲ್ಲಿ ಲಕ್ಷ್ಮೀಸೇನ. ವ್ಯಕ್ತಿ ಬದಲಾದರೂ ಹೆಸರು ಬದಲಾಗದು. ಭಟ್ಟಾರಕರೆಂದರೆ ಮುನಿಗಳಲ್ಲ. ದಿಗಂಬರ ಮುನಿ ಬಟ್ಟೆ ತೊಡುವುದಿಲ್ಲ, ಒಂದೇ ಕಡೆ ನೆಲೆ ನಿಲ್ಲುವುದಿಲ್ಲ, ದಿನಕ್ಕೊಮ್ಮೆ ಬೊಗಸೆಯಲ್ಲಿ ಆಹಾರ ಸ್ವೀಕರಿಸುತ್ತಾರೆ, ದುಡ್ಡು ಮುಟ್ಟುವ ಮಾತೇ ಇಲ್ಲ. ಹಾಗಿದ್ದಾಗ ಬಸದಿಯ ಜೀರ್ಣೋದ್ಧಾರ ಮಾಡಿಸುವವರು ಯಾರು, ಗೇಣಿ ಲೆಕ್ಕ ನೋಡುವವರು ಯಾರು, ಓಲೆಗರಿ ಕಾಯುವವರು ಯಾರು, ಅರಸರ ಮುಂದೆ ಹೋಗಿ ಮಾತಾಡುವವರು ಯಾರು? ಅದಕ್ಕಾಗಿ ಹುಟ್ಟಿದ ವ್ಯವಸ್ಥೆ ಭಟ್ಟಾರಕ ಪೀಠ. ಬ್ರಹ್ಮಚರ್ಯ ಉಂಟು, ಕೈಯಲ್ಲಿ ನವಿಲುಗರಿಯ ಪಿಂಛಿ ಉಂಟು, ಮೈಮೇಲೆ ಕಾವಿ ಬಟ್ಟೆಯೂ ಉಂಟು. ಮುನಿಗೂ ಗೃಹಸ್ಥರಿಗೂ ನಡುವಿನ ಸ್ಥಾನ. ಮತ್ತೆ ಎರಡು ಬಾಗಿಲು.

ಘಟ್ಟದ ಕೆಳಗೆ ಮಂಗಳೂರಿನಲ್ಲಿ ಇದಕ್ಕೆ ತದ್ವಿರುದ್ಧವಾದ ಉಪಾಯ ಕಾಣಸಿಗುತ್ತದೆ. 1870ರಲ್ಲಿ ಫ್ರಾನ್ಸಿನಿಂದ ಬಂದ ಕಾರ್ಮೆಲ್ ಸಭೆಯ ಸನ್ಯಾಸಿನಿಯರು ಅಲ್ಲಿ ಮಠ ಕಟ್ಟಿದರು. ಆ ಸಭೆಯಲ್ಲಿ ವ್ರತ ತೊಟ್ಟವರು ಆವರಣದಿಂದ ಹೊರಬರುವುದಿಲ್ಲ, ನೋಡಬಂದವರ ಜೊತೆ ಕಂಬಿಯ ಆಚೆಯಿಂದ ಮಾತು. ನಗರ ಎಷ್ಟೇ ಬೆಳೆಯಲಿ, ಗೋಡೆ ತನ್ನ ಕೆಲಸ ಮಾಡುತ್ತದೆ. ಹುಂಚದ ಮಠಕ್ಕೆ ಅಂಥ ಗೋಡೆಯಿಲ್ಲ. ಅಂಗಳದಲ್ಲೇ ಸೇವೆಯ ರಸೀದಿ ಕೌಂಟರು, ಯಾತ್ರಿಕರ ಕೋಣೆ, ಪಂಚಾಯಿತಿ ಕೆಲಸಕ್ಕೆ ಬಂದು ಸ್ವಾಮಿಗಳಿಗೆ ಕೈಮುಗಿದು ಹೋಗುವ ರಾಜಕಾರಣಿ, ಎಲ್ಲ ಇವೆ. ಬಿಗಿ ಇರುವುದು ನಿಯಮದಲ್ಲಿ.

ಭೂಸುಧಾರಣೆಯ ಮಾತು ಮಲೆನಾಡಿನ ಮಠದಂಗಳದಲ್ಲಿ ಬಂದೇ ಬರುತ್ತದೆ. 1974ರ ತಿದ್ದುಪಡಿ ಕಾಯ್ದೆಯಿಂದ ಗೇಣಿ ಜಮೀನೆಲ್ಲ ಉಳುವವನ ಪಾಲಾಯಿತು. ಗುಡಿ, ಮಠಗಳ ಗೇಣಿ ಭೂಮಿಗೂ ವಿನಾಯಿತಿ ಇರಲಿಲ್ಲ. ಆದದ್ದು ನ್ಯಾಯವೇ. ಆದರೆ ಅದರ ಒಂದು ಪರಿಣಾಮವನ್ನು ಯಾರೂ ಎಣಿಸಿರಲಿಕ್ಕಿಲ್ಲ. ಗೇಣಿ ಭತ್ತ ಅಳೆಯಲು ತಲೆ ತಗ್ಗಿಸಿ ಬರಬೇಕಿದ್ದವರ ಮಕ್ಕಳು ಈಗ ಸ್ವಂತ ತೋಟದ ಅಡಿಕೆ ಮಾರಿದ ದುಡ್ಡಿನಲ್ಲಿ ಅಮ್ಮನಿಗೆ ಸೀರೆ ಕೊಡಿಸಲು ಬರುತ್ತಾರೆ, ರಸೀದಿ ಕೇಳಿ ಪಡೆಯುತ್ತಾರೆ. ಗೇಣಿ ಹೋಯಿತು, ಹರಕೆ ಉಳಿಯಿತು. ಲೋಹಿಯಾವಾದಿ ಗೆಳೆಯರೊಬ್ಬರಿಗೆ ಇದನ್ನು ಹೇಳಿದಾಗ ಅವರು ನಕ್ಕು, "ಅಲ್ಲ ಮಾರಾಯ್ರೆ, ನಮ್ಮ ಸಭೆಗೆ ಇಷ್ಟು ಜನ ಬರ್ತಿದ್ರೆ!" ಎಂದರು.

ಸಾಲಿನ ಗದ್ದಲ ಬಿಟ್ಟು ಪಂಚಕೂಟ ಬಸದಿಗೆ ನಡೆದುಹೋಗಬೇಕು. ಹುಂಚಕ್ಕೆ ಬಂದವರಲ್ಲಿ ಅರ್ಧ ಜನ ಇದನ್ನು ನೋಡದೆ ವಾಪಸಾಗುತ್ತಾರೆ ಎಂಬುದು ನನ್ನ ಅಂದಾಜು, ಅದು ದೊಡ್ಡ ನಷ್ಟ. ಮುಂದೆ ಎತ್ತರದ ಮಾನಸ್ತಂಭ, ಅದರ ಪೀಠದಲ್ಲಿ ಆನೆ, ಸಿಂಹಗಳ ಕೆತ್ತನೆ. ಒಳಗೆ ಸಾಲಾಗಿ ಐದು ಗರ್ಭಗುಡಿ. ಉರ್ವೀತಿಲಕ ಎಂದು ಇದಕ್ಕೆ ಹೆಸರು. ಕಟ್ಟಿಸಿದವಳು ಚಟ್ಟಲದೇವಿ, 1077ರಲ್ಲಿ.

ಗಂಗವಂಶದ ಹೆಣ್ಣು ಚಟ್ಟಲದೇವಿ, ಕಾಡುವೆಟ್ಟಿ ಎಂಬ ಅರಸನಿಗೆ ಕೊಟ್ಟಿದ್ದರು. ಸೋದರಿ ಬೀರಲದೇವಿ ಸಾಂತರ ಅರಸ ವೀರಸಾಂತರನ ರಾಣಿ. ಸೋದರಿ ತೀರಿಕೊಂಡ ಮೇಲೆ ಅವಳ ನಾಲ್ವರು ಗಂಡುಮಕ್ಕಳು ತೈಲ, ಗೊಗ್ಗಿ, ಒಡ್ಡುಗ, ಬರ್ಮ ಇವಳ ಮಡಿಲಿಗೆ ಬಂದರು. ಮಕ್ಕಳನ್ನು ಬೆಳೆಸಿದಳು, ಸಾಂತರ ರಾಜ್ಯದಲ್ಲಿ ದೊಡ್ಡ ಹೆಸರಾದಳು, ಕಡೆಗೆ ತೀರಿಹೋದ ತನ್ನವರ ಪುಣ್ಯಕ್ಕೆಂದು ಈ ಐದು ಗುಡಿಗಳನ್ನು ಆ ಮಕ್ಕಳ ಜೊತೆ ಸೇರಿ ಕಟ್ಟಿಸಿದಳು. ಕೆರೆ, ಬಾವಿ, ಛತ್ರ ಮಾಡಿಸಿದ್ದನ್ನೂ ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ನಾಲ್ಕು ದಾನಗಳನ್ನೂ ಶಾಸನ ಬಾಯಿತುಂಬ ಹೊಗಳುತ್ತದೆ. ಶಾಸನದ ಹೊಗಳಿಕೆಯಲ್ಲಿ ಉಪ್ಪುಖಾರ ಜಾಸ್ತಿ ಇರುತ್ತದೆ, ಒಪ್ಪಿದೆ. ಆದರೂ ಹುಂಚದ ಶಾಸನ ಓದುತ್ತಾ ಹೋದರೆ ಬಸದಿ ಕಟ್ಟಿಸಿದವರಲ್ಲಿ ಪಾಳಿಯಕ್ಕ ಸಿಗುತ್ತಾಳೆ, ಪಟ್ಟಣಸ್ವಾಮಿ ನೊಕ್ಕಯ್ಯ ಸೆಟ್ಟಿ ಸಿಗುತ್ತಾನೆ. ಸನ್ಯಾಸಿಗಳ ಧರ್ಮವನ್ನು ಊರಲ್ಲಿ ನಿಲ್ಲಿಸಿದವರು ಸಂಸಾರಿಗಳು, ಸೆಟ್ಟಿಗಳು, ಹೆಂಗಸರು. ಬಿ.ಎಲ್. ರೈಸ್ ಈ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಎಂಟನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದ. ಸಾಗರ, ತೀರ್ಥಹಳ್ಳಿ, ಸೊರಬಗಳ ಶಾಸನಗಳೂ ಅದೇ ಸಂಪುಟದಲ್ಲಿವೆ. ಈಗಿನ ಹೊಸನಗರ ತಾಲ್ಲೂಕನ್ನು ಅದರಲ್ಲಿ ನಗರ ತಾಲ್ಲೂಕು ಎಂಬ ಹೆಸರಿನಡಿ ಹುಡುಕಬೇಕು.

ಬಾಗಿಲಿನ ದ್ವಾರಪಾಲಕರು ಆಳೆತ್ತರದವರು. ಒಬ್ಬನ ಮಂಡಿಯ ಮೇಲೆ ಪಾಚಿ ಹಬ್ಬಿ ಹಸಿರುಡುಗೆ ತೊಡಿಸಿದೆ. ಮಲೆನಾಡಿನ ಮಳೆಗೆ ಸಿಕ್ಕ ಕಲ್ಲು ಎಷ್ಟು ಕೆತ್ತನೆ ಉಳಿಸಿಕೊಂಡರೂ ಹೆಚ್ಚೇ. ಸಾಂತರರು ಮುಂದೆ ಇಲ್ಲಿಂದ ಕಳಸಕ್ಕೆ, ಅಲ್ಲಿಂದ ಕಾರ್ಕಳಕ್ಕೆ ಸರಿದರು. 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯ ತನ್ನನ್ನು ಜಿನದತ್ತನ ವಂಶದವನೆಂದೇ ಹೇಳಿಕೊಂಡ. ರಾಜಧಾನಿ ಹೋದ ಮೇಲೂ ಹುಂಚ ಹಾಳುಬೀಳದೆ ಉಳಿದದ್ದಕ್ಕೆ ಅರಸರು ಕಾರಣರಲ್ಲ, ಅಮ್ಮನ ಸಾಲು ಕಾರಣ.

ಬೋಗಾರ ಬಸದಿಯನ್ನು ದಾರಿಯಲ್ಲೇ ನೋಡಬಹುದು. ಗುಡ್ಡದ ಬಸದಿಗೆ ಉಸಿರು ಕಟ್ಟಿ ಹತ್ತಬೇಕು. ಅಲ್ಲಿ ಬಾಹುಬಲಿ. ಒಂಬತ್ತನೆಯ ಶತಮಾನದ ಕೊನೆಗೆ ವಿಕ್ರಮ ಸಾಂತರ ತನ್ನ ಗುರು ಮೌನಿ ಸಿದ್ಧಾಂತ ಭಟ್ಟಾರರಿಗೆ ಕಟ್ಟಿಸಿಕೊಟ್ಟ ಜಾಗ. ಮೌನಿಗಳಿಗೆ ಗುಡ್ಡದ ತುದಿಯೇ ಸರಿ.

ಇಳಿದು ಬರುವ ಹೊತ್ತಿಗೆ ಮಠದ ಊಟದ ಮನೆಯಲ್ಲಿ ಗಡಿಬಿಡಿ. ಸಂಜೆಯ ಊಟ ಸೂರ್ಯ ಮುಳುಗುವ ಮೊದಲೇ ಮುಗಿಯಬೇಕು, ಕತ್ತಲಲ್ಲಿ ಉಂಡರೆ ಕಣ್ಣಿಗೆ ಬೀಳದ ಜೀವಗಳಿಗೆ ಹಿಂಸೆಯಾದೀತು ಎಂದು. ಅನ್ನ, ಸಾರು, ಪಲ್ಯ, ಮಜ್ಜಿಗೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಕೇಳಬಾರದು. ನೆಲದಡಿಯ ಗಡ್ಡೆ ಕಿತ್ತರೆ ಅದರೊಳಗಿನ ಅಸಂಖ್ಯ ಜೀವಗಳೂ ಸಾಯುತ್ತವೆಂಬುದು ಅವರ ಲೆಕ್ಕ. ಮಳೆಗಾಲದ ದಿನ ಮೂರು ಗಂಟೆಗೇ ಕವಿದುಕೊಳ್ಳುವ ಈ ಊರಲ್ಲಿ ಸೂರ್ಯ ಮುಳುಗಿದ್ದು ಗೊತ್ತಾಗುವುದು ಹೇಗೆ ಎಂದು ಬಡಿಸುತ್ತಿದ್ದವರನ್ನು ಕೇಳಿದೆ. "ಸೂರ್ಯನ್ನ ಕಾಯ್ತಾ ಕೂತ್ರೆ ಆಗುತ್ತಾ ಸರ್, ಪಂಚಾಂಗ ಇದೆಯಲ್ಲ" ಎಂದು ಇನ್ನೊಂದು ಸೌಟು ಸಾರು ಬಿಟ್ಟರು.

ರಾತ್ರಿ ಉಳಿಯುವವರು ಕೋಣೆಗೆ ಮುಂಚೆಯೇ ಹೇಳಿಡುವುದು ವಾಸಿ. ಫಾಲ್ಗುಣ ಮಾಸದ ರಥೋತ್ಸವದ ಸಮಯದಲ್ಲಂತೂ ಊರಲ್ಲಿ ಕಾಲಿಡಲು ಜಾಗವಿರುವುದಿಲ್ಲ. ತಡವಾಗಿ ಬಂದು ಹಸಿದವರಿಗೆ ನಿಯಮ ಸಡಿಲವಾಗದು. ನನ್ನ ಕಣ್ಣೆದುರೇ ಕಾರಿನಲ್ಲಿ ಬಂದಿಳಿದ ಸಂಸಾರವೊಂದು ಬಾಗಿಲ ಬಳಿ ನಿಂತು ಗೋಗರೆಯಿತು. ಮಠದವರು ಬೈಯಲಿಲ್ಲ, ಬಡಿಸಲೂ ಇಲ್ಲ. ಇನ್ನೂ ತೆರೆದಿರುವ ಹೋಟೆಲಿಗೆ ರಿಪ್ಪನ್‌ಪೇಟೆಯಲ್ಲಿ ಯಾವ ಕಡೆ ತಿರುಗಬೇಕು ಎಂಬುದನ್ನು ಮಾತ್ರ ಬಹಳ ಅಕ್ಕರೆಯಿಂದ ವಿವರಿಸಿದರು.