ಷಾರ್ಲಟ್ ಹಾಕಿದ ಲೆಕ್ಕ

‘ಪ್ರೈಡ್ ಅಂಡ್ ಪ್ರೆಜುಡಿಸ್’ ಎಂದೊಡನೆ ನೆನಪಾಗುವುದು ಎಲಿಜಬೆತ್ ಮತ್ತು ಡಾರ್ಸಿ. ಅವರ ಒಲವಿನ ಪಕ್ಕದಲ್ಲೇ ಸದ್ದಿಲ್ಲದೆ ನಡೆದುಹೋಗುವ ಇನ್ನೊಂದು ಮದುವೆ ಇಡೀ ಕತೆಯ ಒಳಗುಟ್ಟು ಬಿಡಿಸುತ್ತದೆ.

ಪಾದ್ರಿ ಕಾಲಿನ್ಸ್ ಮೂರು ದಿನದೊಳಗೆ ಇಬ್ಬರು ಹೆಣ್ಣುಮಕ್ಕಳ ಮುಂದೆ ಮದುವೆಯ ಮಾತೆತ್ತುತ್ತಾನೆ. ಎಲಿಜಬೆತ್ ಬೆನೆಟ್ ಕಡ್ಡಿ ಮುರಿದಂತೆ ಒಲ್ಲೆ ಎನ್ನುತ್ತಾಳೆ. ಅವಳ ಜೀವದ ಗೆಳತಿ ಷಾರ್ಲಟ್ ಲ್ಯೂಕಸ್ ಒಪ್ಪಿಕೊಳ್ಳುತ್ತಾಳೆ. ಆತ ಅಷ್ಟು ಬೇಗ ಮನಸ್ಸು ತಿರುಗಿಸಿದ್ದು ಎಲಿಜಬೆತ್‌ಗೆ ದೊಡ್ಡ ವಿಷಯವಲ್ಲ. ಅಂಥ ಬಾಯಿಬಡುಕ ದಡ್ಡನನ್ನು ಷಾರ್ಲಟ್ ಒಪ್ಪಿದಳಲ್ಲ ಎಂಬುದೇ ಅವಳಿಗೆ ನುಂಗಲಾರದ ತುತ್ತು. ಇನ್ನು ಮುಂದೆ ತಮ್ಮಿಬ್ಬರ ನಡುವೆ ಮನಬಿಚ್ಚಿದ ಮಾತು ಸಾಧ್ಯವಿಲ್ಲ ಎಂದು ಅವಳಿಗೆ ಅನಿಸಿಬಿಡುತ್ತದೆ.

ಹೆಚ್ಚಿನ ಓದುಗರು ಎಲಿಜಬೆತ್‌ಳ ಪಕ್ಷ ವಹಿಸಿ ಷಾರ್ಲಟ್‌ಳನ್ನು ಅಲ್ಲಿಗೇ ಬಿಟ್ಟು ಮುಂದೆ ಹೋಗುತ್ತಾರೆ. ಕಾದಂಬರಿಕಾರ್ತಿ ಜೇನ್ ಆಸ್ಟಿನ್ ಬಿಡುವುದಿಲ್ಲ.

ಲ್ಯೂಕಸ್ ಮನೆಯ ನಿಟ್ಟುಸಿರು

ಷಾರ್ಲಟ್‌ಗೆ 27 ವರ್ಷ. ಚೆಲುವೆಯಲ್ಲ, ಜಾಣೆ. ಅವಳಪ್ಪ ವ್ಯಾಪಾರದಲ್ಲಿ ಒಂದಿಷ್ಟು ದುಡ್ಡು ಮಾಡಿದವನು; ‘ಸರ್’ ಪದವಿ ಬಂದಮೇಲೆ ವ್ಯಾಪಾರ ತನ್ನ ಅಂತಸ್ತಿಗೆ ತಕ್ಕುದಲ್ಲವೆಂದು ಅಂಗಡಿ ಮುಚ್ಚಿದ. ಮನೆಗೆ ಗೌರವ ಉಳಿಯಿತು, ಮಗಳಿಗೆ ಇಡುಗಂಟು ಉಳಿಯಲಿಲ್ಲ. ಕಾಲಿನ್ಸ್‌ಗಾದರೋ ಕೆಂಟ್ ಸೀಮೆಯ ಹನ್ಸ್‌ಫರ್ಡ್‌ನಲ್ಲಿ ಪಾದ್ರಿಯ ಕೆಲಸವಿದೆ, ಮನೆಯಿದೆ. ಮೇಲಾಗಿ ಐವರು ಹೆಣ್ಣುಮಕ್ಕಳ ತಂದೆ ಬೆನೆಟ್‌ಗೆ ಗಂಡು ಸಂತಾನವಿಲ್ಲದ್ದರಿಂದ, ವರ್ಷಕ್ಕೆ 2,000 ಪೌಂಡ್ ಹುಟ್ಟುವಳಿಯ ಲಾಂಗ್‌ಬೋರ್ನ್ ಆಸ್ತಿ ಅವನ ನಂತರ ಸೇರಬೇಕಾದದ್ದೂ ಕಾಲಿನ್ಸ್‌ಗೇ.

ಸಂಬಂಧ ಕುದುರಿದ ದಿನ ಲ್ಯೂಕಸ್ ಮನೆಯಲ್ಲಿ ನಡೆಯುವುದನ್ನು ಆಸ್ಟಿನ್ ಕೆಲವೇ ಸಾಲುಗಳಲ್ಲಿ ಹೇಳಿಬಿಡುತ್ತಾಳೆ. ಬೆನೆಟ್ ಇನ್ನೆಷ್ಟು ವರ್ಷ ಬದುಕಿಯಾನು ಎಂದು ತಾಯಿ ಲೆಕ್ಕ ಹಾಕುತ್ತಾಳೆ. ದೊಡ್ಡವಳ ದಾರಿ ಸುಗಮವಾದರೆ ತಾವು ಒಂದೆರಡು ವರ್ಷ ಮೊದಲೇ ನಾಲ್ಕು ಜನರ ನಡುವೆ ಓಡಾಡಬಹುದೆಂದು ತಂಗಿಯರಿಗೆ ಆಸೆ. ಅಕ್ಕ ಮದುವೆಯಿಲ್ಲದೆ ಮುದುಕಿಯಾದಾಳು ಎಂಬ ಭಯ ತಮ್ಮಂದಿರಿಗೆ ತಪ್ಪುತ್ತದೆ. ಓದುತ್ತ ನಗು ಬರುತ್ತದೆ. ಷಾರ್ಲಟ್ ಇಷ್ಟು ದಿನ ಆ ಮನೆಯಲ್ಲಿ ಯಾವ ಭಾರ ಹೊತ್ತು ಓಡಾಡುತ್ತಿದ್ದಳೆಂಬುದೂ ಆ ನಗುವಿನ ಜೊತೆಯಲ್ಲೇ ತಿಳಿಯುತ್ತದೆ.

ಈ ಕಾದಂಬರಿ ಆಧರಿಸಿದ 2005ರ ಸಿನಿಮಾದಲ್ಲಿ ಷಾರ್ಲಟ್ ಎಲಿಜಬೆತ್‌ಳ ಮುಂದೆ ತನ್ನ ಭಯವನ್ನು ತೋಡಿಕೊಳ್ಳುತ್ತಾಳೆ. ನೋಡುವವರ ಕರುಳು ಚುರುಕ್ ಎನ್ನುತ್ತದೆ. ಕಾದಂಬರಿಯ ಷಾರ್ಲಟ್ ಅಷ್ಟು ಕರುಣೆ ಬೇಡುವವಳಲ್ಲ. ಕಾಲಿನ್ಸ್ ಬರುತ್ತಿರುವುದನ್ನು ಮಹಡಿಯ ಕಿಟಕಿಯಿಂದ ಕಂಡು, ಆಕಸ್ಮಿಕವಾಗಿ ಎದುರಾದವಳಂತೆ ಓಣಿಗೆ ಇಳಿದು ಹೋಗುತ್ತಾಳೆ. ಮದುವೆಯ ಸುಖ ಬರೀ ಅದೃಷ್ಟದ ಮಾತು ಎಂದು ಅವಳು ಎಷ್ಟೋ ಹಿಂದೆಯೇ ಹೇಳಿದ್ದಳು. ಎಲಿಜಬೆತ್ ಅದನ್ನು ತಮಾಷೆ ಎಂದುಕೊಂಡು ನಕ್ಕಿದ್ದಳು. ಷಾರ್ಲಟ್ ಬದಲಾಗಲಿಲ್ಲ, ಗೆಳತಿಗೆ ಅವಳ ಮಾತು ಕೇಳಿಸಿರಲಿಲ್ಲ, ಅಷ್ಟೇ.

ಗೆಳತಿಗೊಂದು, ಗೆಳೆಯನಿಗೊಂದು

ಎಲಿಜಬೆತ್‌ಳ ಮನಸ್ಸು ಗೆದ್ದಿದ್ದ ಚೆಲುವ ವಿಕಮ್, ಮಿಸ್ ಕಿಂಗ್ ಎಂಬಾಕೆಗೆ 10,000 ಪೌಂಡ್ ಬಂತೆಂದು ತಿಳಿದದ್ದೇ ತಡ ಅತ್ತ ವಾಲುತ್ತಾನೆ. ಷಾರ್ಲಟ್ ಮಾಡಿದ್ದೂ ಇದನ್ನೇ. ಎಲಿಜಬೆತ್ ಮಾತ್ರ ವಿಕಮ್‌ನ ಮೇಲೆ ಮುನಿಯುವುದಿಲ್ಲ. ರೂಪವಂತರೂ ಹೊಟ್ಟೆಗೆ ದಾರಿ ನೋಡಿಕೊಳ್ಳಬೇಕಲ್ಲ ಎಂದು ತನ್ನ ಸೋದರತ್ತೆಗೆ ಬರೆಯುತ್ತಾಳೆ. ಗೆಳತಿಯ ವಿಷಯದಲ್ಲಿ ಇದ್ದ ಕಣ್ಣು ಅವಳಿಗೆ ಇಲ್ಲಿ ಮಂಕಾಯಿತೇನೋ ಎಂದು ಆಸ್ಟಿನ್ ವಾಕ್ಯದ ಮಧ್ಯದಲ್ಲಿ ಚಿವುಟುತ್ತಾಳೆ. ಅವಸರದಲ್ಲಿ ಓದುವವರಿಗೆ ಆ ಚಿವುಟು ತಾಗುವುದೇ ಇಲ್ಲ.

ಎಲಿಜಬೆತ್‌ಳ ಪೂರ್ವಗ್ರಹವೆಂದರೆ ಡಾರ್ಸಿಯನ್ನು ತಪ್ಪು ತಿಳಿದದ್ದು ಎಂದೇ ನಾವು ಹೇಳುತ್ತೇವೆ. ಹೆಣ್ಣು ಆಸರೆ ಹುಡುಕಿದರೆ ಅಧಃಪತನ, ಗಂಡು ಹುಡುಕಿದರೆ ವಿವೇಕ ಎಂಬ ಈ ನಿಲುವೂ ಪೂರ್ವಗ್ರಹವೇ. ಡಾರ್ಸಿಯ ವಿಷಯದಲ್ಲಿ ಅವಳು ತನ್ನ ತಪ್ಪನ್ನು ಪೂರ್ತಿ ಒಪ್ಪಿಕೊಳ್ಳುತ್ತಾಳೆ. ಷಾರ್ಲಟ್‌ಗೆ ಅಂಥ ಕ್ಷಮಾಪಣೆ ಕಾದಂಬರಿಯಲ್ಲಿ ಎಲ್ಲಿಯೂ ಸಿಗುವುದಿಲ್ಲ.

ಹಿಂಬದಿಯ ಕೋಣೆ

ಮದುವೆಯ ನಂತರ ಎಲಿಜಬೆತ್ ಹನ್ಸ್‌ಫರ್ಡ್‌ಗೆ ಹೋಗುತ್ತಾಳೆ. ಗಂಡ ತೋಟದ ಕೆಲಸದಲ್ಲಿ ತೊಡಗುವುದು ಆರೋಗ್ಯಕ್ಕೆ ಒಳ್ಳೆಯದೆಂದು ಷಾರ್ಲಟ್ ಗಂಭೀರವಾಗಿ ಹೇಳುತ್ತಾಳೆ. ಮುಂಭಾಗದಲ್ಲಿ ಚೆಂದದ ಕೋಣೆ ಇದ್ದರೂ ತಾನು ಕೂರಲು ಹಿಂಬದಿಯದನ್ನು ಆರಿಸಿಕೊಂಡಿದ್ದಾಳೆ. ಮುಂದಿನದೇ ಆಗಿದ್ದರೆ ಕಾಲಿನ್ಸ್ ತನ್ನ ಓದುಕೋಣೆ ಬಿಟ್ಟು ಪದೇಪದೇ ಅಲ್ಲಿಗೇ ಬರುತ್ತಿದ್ದ. ಗಂಡ ಪೆದ್ದುಮಾತು ಆಡಿದಾಗ ಒಮ್ಮೊಮ್ಮೆ ಅವಳ ಮುಖ ಕೆಂಪಾಗುವುದುಂಟು. ಹೆಚ್ಚಿನ ಸಲ ಜಾಣ ಕಿವುಡು. ಕೋಳಿ ಸಾಕಣೆ, ಮನೆವಾರ್ತೆ, ಬಾಗಿಲು ಹಾಕಿಕೊಳ್ಳಲು ತನ್ನದೇ ಒಂದು ಕೋಣೆ: ಕೇಳಿದ್ದು ಅವಳಿಗೆ ಸಿಕ್ಕಿದೆ. ಕೇಳದೇ ಬಿಟ್ಟದ್ದು ಸಿಕ್ಕಿಲ್ಲ.

ಡಾರ್ಸಿ ಮೊದಲ ಸಲ ಪ್ರೇಮ ನಿವೇದಿಸಿಕೊಂಡು ಬೈಸಿಕೊಳ್ಳುವುದೂ ಷಾರ್ಲಟ್‌ಳ ಈ ಮನೆಯಲ್ಲೇ. ಆತನಿಗೆ ಗೆಳತಿಯ ಮೇಲೆ ಮನಸ್ಸಿರಬಹುದೆಂದು ಇಲ್ಲಿ ಅನುಮಾನಿಸುವವಳೂ ಅವಳೇ. ಅವನ ಸೋದರ ಬಂಧು ಕರ್ನಲ್ ಫಿಟ್ಸ್‌ವಿಲಿಯಮ್ ಹೆಚ್ಚು ಹಿತವಾದ ಮನುಷ್ಯನೆಂದು ಒಪ್ಪುತ್ತಲೇ, ಚರ್ಚಿನ ಹುದ್ದೆಗಳನ್ನು ಕೊಡಿಸುವ ಅಧಿಕಾರ ಡಾರ್ಸಿಗಿದೆ ಎಂಬುದನ್ನೂ ತೂಗಿ ನೋಡುತ್ತಾಳೆ. ಗೆಳತಿಯ ಹಿತ, ಗಂಡನ ಬಡ್ತಿ ಎರಡೂ ಒಂದೇ ತಕ್ಕಡಿಯಲ್ಲಿ. ಆಸ್ಟಿನ್‌ಳ ಲೋಕದಲ್ಲಿ ಪ್ರೀತಿ ಮತ್ತು ಸ್ವಾರ್ಥ ಒಂದೇ ಎದೆಯಲ್ಲಿ ಹೀಗೆ ಸಂಸಾರ ಮಾಡುತ್ತವೆ.

ಆಸ್ಟಿನ್ ಯಾರ ಕಡೆ?

ಆಸ್ಟಿನ್ ಈ ಕತೆಯ ಮೊದಲ ಕರಡನ್ನು 1796-97ರಲ್ಲಿ, ಹೆಚ್ಚುಕಡಿಮೆ ಎಲಿಜಬೆತ್‌ಳ ವಯಸ್ಸಿನಲ್ಲೇ ಬರೆದಳು. 1802ರ ಡಿಸೆಂಬರ್‌ನಲ್ಲಿ, ಅವಳಿಗೆ 27 ತುಂಬಲು ಎರಡು ವಾರವಿದ್ದಾಗ, ಹ್ಯಾಂಪ್‌ಷೈರಿನ ಮ್ಯಾನಿಡೌನ್ ಜಮೀನಿನ ವಾರಸುದಾರ ಹ್ಯಾರಿಸ್ ಬಿಗ್-ವಿದರ್ ಅವಳನ್ನು ಕೇಳಿದ. ಸಂಜೆ ಒಪ್ಪಿದವಳು ಬೆಳಗಾಗುವಷ್ಟರಲ್ಲಿ ಮಾತು ಹಿಂತೆಗೆದುಕೊಂಡಳು. 1805ರಲ್ಲಿ ತಂದೆ ತೀರಿಕೊಂಡಮೇಲೆ ತಾಯಿ, ಅಕ್ಕ ಮತ್ತು ಅವಳು ಅಣ್ಣತಮ್ಮಂದಿರ ನೆರವಿನಲ್ಲಿ ಊರಿಂದ ಊರಿಗೆ ಅಲೆಯಬೇಕಾಯಿತು. 1809ರಲ್ಲಿ ಅಣ್ಣ ಎಡ್ವರ್ಡ್ ಚಾಟನ್‌ನಲ್ಲಿ ಮನೆ ಕೊಟ್ಟಮೇಲೆಯೇ ನೆಲೆ ನಿಂತದ್ದು. ಕರಡನ್ನು ತಿದ್ದಿ ಇಂದಿನ ರೂಪಕ್ಕೆ ತಂದದ್ದು ಆ ಮನೆಯಲ್ಲಿ, ಷಾರ್ಲಟ್‌ಳ ವಯಸ್ಸನ್ನೂ ದಾಟಿದ ಮೇಲೆ. ಹಕ್ಕು ಮಾರಿ ಅವಳಿಗೆ ದೊರೆತದ್ದು 110 ಪೌಂಡ್.

ಎಡ್ವರ್ಡ್‌ನ ಮಗಳು ಫ್ಯಾನಿಗೆ ಬರೆದ ಪತ್ರಗಳಲ್ಲಿ ಎರಡು ಇಲ್ಲಿ ನೆನಪಾಗುತ್ತವೆ. ಒಲವಿಲ್ಲದ ಮದುವೆಗಿಂತ ಬೇರೆ ಏನನ್ನಾದರೂ ಸಹಿಸಬಹುದು ಎಂದು 1814ರಲ್ಲಿ ಬರೆಯುತ್ತಾಳೆ. ಒಂಟಿ ಹೆಂಗಸರಿಗೆ ಬಡತನ ತಪ್ಪಿದ್ದಲ್ಲ, ಮದುವೆಯ ಪರವಾಗಿ ಅದೂ ಒಂದು ಬಲವಾದ ವಾದವೇ ಎಂದು ತಾನು ತೀರಿಕೊಂಡ 1817ರಲ್ಲಿ ಬರೆಯುತ್ತಾಳೆ. ಮೊದಲ ಪತ್ರದಲ್ಲಿ ಎಲಿಜಬೆತ್ ಮಾತಾಡುತ್ತಾಳೆ, ಎರಡನೆಯದರಲ್ಲಿ ಷಾರ್ಲಟ್. ಇಬ್ಬರೂ ಆಸ್ಟಿನ್‌ಗೆ ಬೇಕಾದವರೇ.

ಡಾರ್ಸಿ ಎರಡನೇ ಸಲ ಬರದೇ ಹೋಗಿದ್ದರೆ? ತಾಯಿಯ ಕಾಲದ ನಂತರ ಎಲಿಜಬೆತ್‌ಳ ಪಾಲಿಗೆ ಬರುತ್ತಿದ್ದುದು 1,000 ಪೌಂಡ್. ನೂರಕ್ಕೆ ನಾಲ್ಕರ ಬಡ್ಡಿಯಲ್ಲಿ ವರ್ಷಕ್ಕೆ 40. ಕಾಲಿನ್ಸ್‌ನನ್ನು ನಿರಾಕರಿಸಿದಾಗ ಮುಂದೆ ಡಾರ್ಸಿ ಕೈಹಿಡಿಯುತ್ತಾನೆಂದು ಅವಳಿಗೇನೂ ಗೊತ್ತಿರಲಿಲ್ಲ. ಆ ಧೈರ್ಯ ಅವಳದು. ಅದಕ್ಕೆ ಸಿಕ್ಕ ಪ್ರತಿಫಲ ಕತೆಗಾರ್ತಿ ಕೊಟ್ಟದ್ದು. ಕತೆಯ ಸುಖಾಂತವನ್ನೇ ಸಾಕ್ಷಿ ಮಾಡಿಕೊಂಡು ಷಾರ್ಲಟ್ ತಪ್ಪಿದಳೆಂದು ತೀರ್ಪು ಕೊಡಲು ನಮಗೆ ಬರುವುದಿಲ್ಲ. ಹಾಗೆ ಮನೆಬಾಗಿಲಿಗೆ ಬರುವ ಡಾರ್ಸಿಯರು ಎಷ್ಟು ಅಪರೂಪ ಎಂಬುದು ಅವಳನ್ನು ಸೃಷ್ಟಿಸಿದವಳಿಗೆ ಚೆನ್ನಾಗಿ ಗೊತ್ತಿತ್ತು.